ಹಳೆಯ ಪಿಕಪ್‌ಗೆ ಟ್ಯೂನಿಂಗ್: ಕಾರ್ಬುರೇಟರ್ ಕೊನೆಗಿರಲಿ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಡಿಸ್ಟ್ರಿಬ್ಯೂಟರನ್ನು, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಸಾಧನವನ್ನು, ಮೊದಲ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಮುಚ್ಚಳ ತೆಗೆದಿಟ್ಟಿದ್ದೇನೆ. ಕೆಳಗಿನ ಗೇರನ್ನು ಬೆರಳಲ್ಲಿ ತಿರುಗಿಸಿದರೆ ಪಾಯಿಂಟ್ ಅನ್ನುವ ಸಣ್ಣ ಸ್ವಿಚ್ ತೆರೆದು ಮುಚ್ಚುವುದು ಕಾಣುತ್ತದೆ. ಇವತ್ತಿನ ಮಾತಿನ ದೊಡ್ಡ ಪಾಲು ಅದರ ಸುತ್ತಲೇ ಇರುತ್ತದೆ.

ಹಳೆಯ ಪಿಕಪ್ ಇಟ್ಟುಕೊಂಡವರ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಏರು ಬಂದರೆ ಮಿಸ್ಸಿಂಗ್ ಹೊಡೆಯುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಎಳೆಯುವುದಿಲ್ಲ. ಬಾನೆಟ್ ಎತ್ತಿದವರ ಕೈ ಮೊದಲು ಹೋಗುವುದು ಪೆಟ್ರೋಲ್–ಗಾಳಿ ಬೆರೆಸುವ ಕಾರ್ಬುರೇಟರ್‌ಗೆ. ಅದು ಕೈಗೆ ಸಿಗುವ ಜಾಗದಲ್ಲಿದೆ, ಸ್ಕ್ರೂ ಕಣ್ಣಿಗೆ ಕಾಣುತ್ತದೆ, ತಿರುಗಿಸಿದ ಕೂಡಲೇ ಇಂಜಿನ್ನಿನ ಸದ್ದು ಬದಲಾಗುತ್ತದೆ. ಸದ್ದು ಬದಲಾಯಿತು ಅಂದರೆ ರಿಪೇರಿ ಆಯಿತು ಅಂತ ನಂಬಿಬಿಡುತ್ತೇವೆ. ಹೀಗೆ ಪ್ರತಿಯೊಬ್ಬ ಮಾಲೀಕನೂ ಅರ್ಧ ಸುತ್ತು ತಿರುಗಿಸಿ ಕೊಟ್ಟ ಗಾಡಿ ಎಪ್ಪತ್ತು ವರ್ಷದ ಮೇಲೆ ನಿಮ್ಮ ಕೈಗೆ ಬಂದಿದೆ.

ನನ್ನ ವಾದ ಇಷ್ಟೇ: ಟ್ಯೂನಿಂಗ್‌ನಲ್ಲಿ ಕ್ರಮವೇ ಮುಖ್ಯ. ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಮತ್ತು ಟ್ಯಾಪೆಟ್ (ವಾಲ್ವ್ ಎತ್ತುವ ಭಾಗದ ಸಂದು), ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು), ಎಲ್ಲ ಮುಗಿದ ಮೇಲೆ ಕಾರ್ಬುರೇಟರ್. ಹಿಂದಿನ ಹೆಜ್ಜೆಯಲ್ಲಿ ಮಾಡಿದ ಹೊಂದಾಣಿಕೆ ಮುಂದಿನದನ್ನು ಅಲುಗಿಸುತ್ತದೆ. ಮುಂದಿನದು ಹಿಂದಿನದನ್ನು ಅಲುಗಿಸುವುದಿಲ್ಲ. ಹಾಗಾಗಿ ಈ ಕ್ರಮವನ್ನು ನಮ್ಮ ಅನುಕೂಲಕ್ಕೆ ತಿರುಗುಮುರುಗು ಮಾಡಲು ಬರುವುದಿಲ್ಲ.

ಯಾವ ಗಾಡಿಯ ಬಗ್ಗೆ ಮಾತು ಅಂತ ಮೊದಲು ಗೊತ್ತಾಗಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಂದ ಅರ್ಧ ಟನ್ ಪಿಕಪ್‌ಗಳನ್ನು ನಾನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. 1947ರಲ್ಲಿ ಷೆವರ್ಲೆ 'ಅಡ್ವಾನ್ಸ್ ಡಿಸೈನ್' ಸಾಲಿನ 3100 ತಂದಿತು. 1955ರ ಆರಂಭದವರೆಗೂ ಅದು ನಡೆಯಿತು. ಫೋರ್ಡ್ 1948ರಲ್ಲಿ ಎಫ್-1 ತಂದು, 1953ರಲ್ಲಿ ಅದನ್ನೇ ಎಫ್-100 ಮಾಡಿತು. ಷೆವರ್ಲೆಯಲ್ಲಿ ನೆಟ್ಟಗೆ ಸಾಲಾಗಿ ನಿಂತ ಆರು ಸಿಲಿಂಡರ್, ಮೊದಲು 216 ಘನ ಇಂಚು, 1954ರಿಂದ 235. ಫೋರ್ಡ್‌ನಲ್ಲಿ ಆರು ಸಿಲಿಂಡರೂ ಉಂಟು, 1932ರಿಂದ ಬಂದ ಫ್ಲಾಟ್‌ಹೆಡ್ ವಿ-8ರ ಪೀಳಿಗೆಯೂ ಉಂಟು. ಹೇಳುವ ಮಾತು ಆ ಕಾಲದ ಯಾವ ಪೆಟ್ರೋಲ್ ಇಂಜಿನ್ನಿಗಾದರೂ ಸಲ್ಲುತ್ತದೆ, ಅಂಕಿಗಳು ಮಾತ್ರ ಬೇರೆಯಾಗುತ್ತವೆ. ಅಂಕಿಗೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕವನ್ನೇ ನಂಬಿ, ನನ್ನನ್ನಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಗೇಜು ಹಿಡಿಯಿರಿ. ಒಂದು ಕಂಪ್ರೆಷನ್ ಗೇಜು. ಇಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜು ಹಾಕಿ ಸ್ಟಾರ್ಟರ್ ತಿರುಗಿಸಬೇಕು. ಥ್ರಾಟಲ್ ತೆರೆಯದೆ ಅಳೆದರೆ ಗಾಳಿಯೇ ಒಳಗೆ ಹೋಗದೆ ಸುಳ್ಳು ಅಂಕಿ ಬರುತ್ತದೆ. ಎಷ್ಟು ಪೌಂಡ್ ಬಂತು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ಅಂತರ ನೋಡಿ. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ ಮುಕ್ಕಾಲು ಪಾಲಿಗಿಂತ ಕೆಳಗೆ ಇಳಿದಿದ್ದರೆ ಯೋಚಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿತೇ? ರಿಂಗ್ ಸವೆದಿದೆ. ಏರಲಿಲ್ಲವೇ? ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಗ್ಯಾಸ್ಕೆಟ್ ಮೇಲೆಯೇ ಮೊದಲ ಅನುಮಾನ.

ಇನ್ನೊಂದು ವ್ಯಾಕ್ಯೂಮ್ ಗೇಜು. ಇಷ್ಟು ಸಣ್ಣ ಸಾಧನ ಇಷ್ಟು ಮಾತಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಕೊಳವೆ ಸಿಕ್ಕಿಸಿ ಐಡ್ಲಿಂಗ್‌ನಲ್ಲಿ ಬಿಟ್ಟರೆ, ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಇಂಜಿನ್ ಪಾದರಸದ 17ರಿಂದ 21 ಇಂಚಿನ ನಡುವೆ ಮುಳ್ಳನ್ನು ಅಲುಗಾಡದೆ ನಿಲ್ಲಿಸುತ್ತದೆ. ಎತ್ತರದ ಊರಲ್ಲಿದ್ದರೆ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಕಳೆಯಿರಿ. ಇದು ಗೊತ್ತಿಲ್ಲದೆ ಬೆಟ್ಟದ ಮೇಲೆ ಅಳೆದು ರಿಂಗ್ ಹೋಗಿದೆ ಅಂತ ಇಂಜಿನ್ ಬಿಚ್ಚಿಸಿದವರಿದ್ದಾರೆ. ಮುಳ್ಳು ಅಲುಗದೆ ಕೆಳಗೆ ನಿಂತಿದ್ದರೆ ಟೈಮಿಂಗ್ ಹಿಂದೆ ಬಿದ್ದಿರಬಹುದು, ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಲಯಬದ್ಧವಾಗಿ ಒಂದೇ ಕಡೆ ಟಕ್ ಟಕ್ ಅಂತ ಬೀಳುತ್ತಿದ್ದರೆ ಒಂದು ವಾಲ್ವ್‌ನ ಕಥೆ. ನಿಧಾನಕ್ಕೆ ಅತ್ತಿತ್ತ ತೇಲುತ್ತಿದ್ದರೆ ಪೆಟ್ರೋಲ್–ಗಾಳಿಯ ಮಿಶ್ರಣದ ಕಥೆ. ಕಾರ್ಬುರೇಟರ್ ಮೇಲೆ ಹೊರಿಸುವ ಅಪವಾದ ಎಷ್ಟು ಸತ್ಯ ಅಂತ ಸ್ಕ್ರೂ ಮುಟ್ಟುವ ಮೊದಲೇ ಇಲ್ಲಿ ಗೊತ್ತಾಗುತ್ತದೆ.

ಟ್ಯಾಪೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್‌ಟೇಕ್ ವಾಲ್ವಿಗೆ ಅಂತರ ಕಡಿಮೆ, ಎಕ್ಸಾಸ್ಟ್ ವಾಲ್ವಿಗೆ ಜಾಸ್ತಿ, ಯಾಕೆಂದರೆ ಎಕ್ಸಾಸ್ಟ್ ಹೆಚ್ಚು ಕಾಯುತ್ತದೆ, ಹೆಚ್ಚು ಉದ್ದವಾಗುತ್ತದೆ. ಟಕಟಕ ಸದ್ದು ಕಿರಿಕಿರಿ ಅಂತ ಬಿಗಿ ಮಾಡಬೇಡಿ. ಸಡಿಲ ಟ್ಯಾಪೆಟ್ ಸದ್ದು ಮಾಡುತ್ತದೆ ಅಷ್ಟೇ. ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಈಗ ಪಾಯಿಂಟ್. ಡಿಸ್ಟ್ರಿಬ್ಯೂಟರ್ ಎಲ್ಲಿಗೆ ಬಂತು? ಮೂರನೇ ಸಾಲು, ಸರಿ.

ನೀವು ನೋಡುತ್ತಿರುವುದು 1910ರ ಆಸುಪಾಸಿನಲ್ಲಿ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್‌ಗಾಗಿ ರೂಪಿಸಿದ ಏರ್ಪಾಡು. ಮೂಲ ರೂಪದಲ್ಲಿ ಹೆಚ್ಚು ಬದಲಾಗದೆ 1970ರ ದಶಕದವರೆಗೂ ಜಗತ್ತಿನ ಬಹುಪಾಲು ಪೆಟ್ರೋಲ್ ಗಾಡಿಗಳನ್ನು ಓಡಿಸಿತು. ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ಕರೆಂಟು ಕಾಯಿಲ್ ಮೂಲಕ ಹರಿದು ಅಲ್ಲಿ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಕ್ಯಾಮಿನ ಮೂಲೆ ಬಂದು ಪಾಯಿಂಟನ್ನು ತೆರೆದ ಕ್ಷಣ ಕರೆಂಟು ಕಡಿದು, ಕಾಂತಕ್ಷೇತ್ರ ಕುಸಿದು, ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದೇ ಪ್ಲಗ್‌ನ ಕಿಡಿ. ಗಮನಿಸಿ, ಕಿಡಿ ಹಾರುವುದು ಪಾಯಿಂಟ್ ತೆರೆದಾಗ, ಮುಚ್ಚಿದಾಗ ಅಲ್ಲ. ಪಕ್ಕದಲ್ಲಿ ಕಿರುಬೆರಳಿನಷ್ಟು ದಪ್ಪದ ಡಬ್ಬಿ ಇದೆಯಲ್ಲ, ಅದು ಕಂಡೆನ್ಸರ್. ಅದರ ಸಾಮರ್ಥ್ಯ ಸುಮಾರು 0.2 ಮೈಕ್ರೋಫ್ಯಾರಡ್. ಅದಿಲ್ಲದಿದ್ದರೆ ಕರೆಂಟು ತಟ್ಟನೆ ಕಡಿಯುವುದಿಲ್ಲ, ಪಾಯಿಂಟ್ ನಡುವೆಯೇ ಕಿಡಿ ಹಾರಿ ತುದಿಗಳು ಸುಡುತ್ತವೆ, ಪ್ಲಗ್‌ಗೆ ಸಿಗುವುದು ಬಡಕಲು ಕಿಡಿ.

ಈ ಪಾಯಿಂಟ್‌ನ ತುದಿಗಳನ್ನು ಹತ್ತಿರದಿಂದ ನೋಡಿ. ಬೇಕೆಂತಲೇ ಹಳೆಯದನ್ನು ಹಾಕಿ ತಂದಿದ್ದೇನೆ. ಒಂದು ತುದಿಯಲ್ಲಿ ಸಣ್ಣ ಗುಳಿ ಬಿದ್ದಿದೆ, ಎದುರಿನ ತುದಿಯಲ್ಲಿ ಅಷ್ಟೇ ಎತ್ತರದ ಮೊಳಕೆ ಎದ್ದಿದೆ. ಕಿಡಿಯ ಜೊತೆ ಲೋಹವೂ ಚೂರುಚೂರೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದೆ. ಇದಕ್ಕೆ ಫೀಲರ್ ಗೇಜು, ಅಂದರೆ ಸಂದು ಅಳೆಯುವ ತೆಳು ಲೋಹದ ಪಟ್ಟಿ, ಹಾಕಿ ಅಳೆದರೆ ಏನಾಗುತ್ತದೆ? ಪಟ್ಟಿ ಮೊಳಕೆಯ ತುದಿ ಮುಟ್ಟಿದ ಕೂಡಲೇ ಬಿಗಿಯಾಗುತ್ತದೆ. ಗೇಜು 18 ಸಾವಿರಾಂಶ ಇಂಚು ಅನ್ನುತ್ತದೆ; ಅಕ್ಕಪಕ್ಕದ ನಿಜವಾದ ಅಂತರ ಅದಕ್ಕಿಂತ ಎಷ್ಟೋ ಜಾಸ್ತಿ. ಫೀಲರ್ ಗೇಜನ್ನು ಹೊಸ ಪಾಯಿಂಟಿಗೆ ಮಾತ್ರ ನಂಬಬೇಕು ಅನ್ನುವುದು ಇದಕ್ಕೇ. ಹಳೆಯದಕ್ಕೆ ಡ್ವೆಲ್ ಮೀಟರ್ ಬೇಕು.

ಡ್ವೆಲ್ ಅಂದರೆ ಪಾಯಿಂಟ್ ಮುಚ್ಚಿಕೊಂಡಿರುವಷ್ಟು ಹೊತ್ತು ಡಿಸ್ಟ್ರಿಬ್ಯೂಟರ್ ಕ್ಯಾಮ್ ತಿರುಗುವ ಕೋನ. ಆರು ಸಿಲಿಂಡರಿಗೆ 360 ಡಿಗ್ರಿಯನ್ನು ಹಂಚಿದರೆ ಒಂದೊಂದಕ್ಕೆ 60. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತು ಮುಚ್ಚಿರಬೇಕು, ಉಳಿದದ್ದು ತೆರೆದಿರಬೇಕು. ಗ್ಯಾಪ್ ಹಿಗ್ಗಿಸಿದರೆ ಡ್ವೆಲ್ ತಗ್ಗುತ್ತದೆ. ಗ್ಯಾಪ್ ಕುಗ್ಗಿಸಿದರೆ ಡ್ವೆಲ್ ಏರುತ್ತದೆ.

ನಾನು ಕ್ರಮ ಕ್ರಮ ಅಂತ ಜಪ ಮಾಡುವುದಕ್ಕೆ ಕಾರಣ ಈಗ ಬರುತ್ತದೆ. ಗ್ಯಾಪ್ ದೊಡ್ಡದಾದರೆ ಕ್ಯಾಮಿನ ಮೂಲೆ ಪಾಯಿಂಟನ್ನು ಮುಂಚೆಯೇ ಎತ್ತುತ್ತದೆ, ಅಂದರೆ ಕಿಡಿ ಬೇಗ ಹಾರುತ್ತದೆ. ಗ್ಯಾಪ್ ಚಿಕ್ಕದಾದರೆ ತಡವಾಗಿ ಎತ್ತುತ್ತದೆ. ಡ್ವೆಲ್ ಒಂದು ಡಿಗ್ರಿ ಏರಿದರೆ ಟೈಮಿಂಗ್ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಆದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗ್ ಬದಲಿಸಿದರೆ ಡ್ವೆಲ್ ಒಂದಿಷ್ಟೂ ಬದಲಾಗುವುದಿಲ್ಲ. ಪಾಯಿಂಟ್ ಮೊದಲು, ಟೈಮಿಂಗ್ ಆಮೇಲೆ ಅನ್ನುವುದು ಇಲ್ಲಿಂದ ಬಂತು. ಟೈಮಿಂಗ್ ಚೆನ್ನಾಗಿ ಕೂರಿಸಿ, ಆಮೇಲೆ ಒಂದು ಕೈ ನೋಡೋಣ ಅಂತ ಪಾಯಿಂಟ್ ಮುಟ್ಟಿದರೆ ಮಾಡಿದ್ದೆಲ್ಲ ಮಣ್ಣುಪಾಲು.

ಇದೇ ಕಾರಣಕ್ಕೆ ಗಾಡಿ ತಾನಾಗಿಯೇ ಟ್ಯೂನಿಂಗ್ ಕಳೆದುಕೊಳ್ಳುತ್ತದೆ. ಪಾಯಿಂಟ್‌ನ ತೋಳಿನಲ್ಲಿ ಕ್ಯಾಮಿಗೆ ತಾಗುವ ಫೈಬರ್ ತುಂಡು ಇದೆ ನೋಡಿ. ಓಡಿದಷ್ಟೂ ಅದು ಸವೆಯುತ್ತದೆ, ಸವೆದಷ್ಟೂ ಗ್ಯಾಪ್ ಕುಗ್ಗುತ್ತದೆ, ಕಿಡಿ ತಡವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಾಲೀಕ ಮಾತ್ರ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದುತ್ತಿರುತ್ತಾನೆ. ಕ್ಯಾಮಿಗೆ ಡಿಸ್ಟ್ರಿಬ್ಯೂಟರ್ ಗ್ರೀಸನ್ನು ತೆಳ್ಳಗೆ ಸವರಿದ್ದರೆ ಆ ಸವೆತ ಎಷ್ಟೋ ನಿಧಾನವಾಗುತ್ತಿತ್ತು. ತೆಳ್ಳಗೆ ಅಂದೆ. ಮೆತ್ತಿದರೆ ಬಿಸಿಗೆ ಕರಗಿ ಪಾಯಿಂಟ್ ಮೇಲೆಯೇ ಬೀಳುತ್ತದೆ.

ಹೊಸ ಪಾಯಿಂಟ್ ಹಾಕಿದ ಮೇಲೆ ಗಾಡಿ ಸ್ಟಾರ್ಟೇ ಆಗುತ್ತಿಲ್ಲ ಅಂತ ಬರುವವರು ಬಹಳ. ತುಕ್ಕು ಹಿಡಿಯದಿರಲೆಂದು ತುದಿಗೆ ಸವರಿ ಕಳಿಸುವ ಪದರವನ್ನು ಒರೆಸಿರುವುದಿಲ್ಲ, ಅಥವಾ ಫೀಲರ್ ಗೇಜಿನ ಪಟ್ಟಿಗೆ ಮೆತ್ತಿದ್ದ ಎಣ್ಣೆ ತುದಿಗೆ ಅಂಟಿರುತ್ತದೆ. ಆರು ವೋಲ್ಟಿಗೆ ಆ ಪದರ ದಾಟುವ ಶಕ್ತಿ ಇಲ್ಲ. ದಪ್ಪ ಕಾಗದದ ತುಂಡನ್ನು ಪಾಯಿಂಟ್ ನಡುವೆ ಇಟ್ಟು, ಮುಚ್ಚಿ, ಒಮ್ಮೆ ಎಳೆಯಿರಿ. ಕಪ್ಪು ಗೆರೆ ಬಂದರೆ ಮತ್ತೊಂದು ಕಾಗದ. ಎಮರಿ ಪೇಪರ್ ಮಾತ್ರ ಬೇಡ, ಅದರ ಹರಳು ಲೋಹದಲ್ಲಿ ಹೂತು ಕೂರುತ್ತದೆ.

ಟೈಮಿಂಗ್‌ಗೆ ಬರೋಣ. ಷೆವರ್ಲೆಯ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಮುಂದಿನ ಪುಲ್ಲಿಯ ಮೇಲೆ ಗುರುತು ಹುಡುಕಬೇಡಿ. ಸ್ಟಾರ್ಟರ್ ಹತ್ತಿರ ಫ್ಲೈವೀಲ್ ಕಾಣುವ ಒಂದು ಕಿಂಡಿ ಇದೆ. ಫ್ಲೈವೀಲ್ ಅಂಚಿನಲ್ಲಿ ಸಣ್ಣ ಉಕ್ಕಿನ ಗುಂಡು ಹೂತಿಟ್ಟಿದ್ದಾರೆ, ಅದು ಕಿಂಡಿಯ ಗುರುತಿಗೆ ಬಂದಾಗ ಒಂದನೇ ಪಿಸ್ಟನ್ ಮೇಲ್ತುದಿಗೆ 5 ಡಿಗ್ರಿ ಮೊದಲು ಇರುತ್ತದೆ. ದಶಕಗಳ ಕೊಳೆಯಡಿ ಆ ಗುಂಡು ಮುಚ್ಚಿಹೋಗಿರುತ್ತದೆ; ಒರೆಸಿ, ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಟೈಮಿಂಗ್ ಲೈಟ್ ಇದ್ದರೆ ಐಡ್ಲಿಂಗ್‌ನಲ್ಲಿ ಹಿಡಿಯಿರಿ. ಇಲ್ಲದಿದ್ದರೆ ಪಾಯಿಂಟಿಗೂ ಅರ್ಥಿಂಗಿಗೂ ನಡುವೆ ಬಲ್ಬ್ ಕಟ್ಟಿ, ಇಗ್ನಿಷನ್ ಹಾಕಿ, ಗುಂಡು ಗುರುತಿಗೆ ಬಂದ ಜಾಗದಲ್ಲಿ ಡಿಸ್ಟ್ರಿಬ್ಯೂಟರನ್ನು ನಿಧಾನಕ್ಕೆ ತಿರುಗಿಸಿ. ಬಲ್ಬ್ ಹೊತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಫೈರಿಂಗ್ ಆರ್ಡರ್ 1-5-3-6-2-4. ತಂತಿಗಳನ್ನು ಒಟ್ಟಿಗೆ ಕಿತ್ತು ಆಮೇಲೆ ಯಾವುದು ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ಒಂದೊಂದೇ ಬದಲಿಸಿ.

ಈಗಿನ ಪೆಟ್ರೋಲಿಗೆ ಆ ಟೈಮಿಂಗ್ ಆಗುತ್ತದೆಯೇ ಅಂತ ಕೇಳುತ್ತಾರೆ. 216ರ ಕಂಪ್ರೆಷನ್ ಅನುಪಾತ ಆರೂವರೆಯ ಆಸುಪಾಸು. ಇವತ್ತಿನ ಸಾದಾ ಪೆಟ್ರೋಲೇ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಇಟ್ಟುಕೊಂಡಿದೆ. ದುಬಾರಿ ಪೆಟ್ರೋಲ್ ಹಾಕಿದರೆ ಗಾಡಿಗೆ ಗೊತ್ತೂ ಆಗುವುದಿಲ್ಲ. ಬೇಕಿದ್ದರೆ ಟೈಮಿಂಗ್ ಒಂದೆರಡು ಡಿಗ್ರಿ ಮುಂದೆ ತಂದು, ಏರಿನಲ್ಲಿ ಟಾಪ್ ಗೇರಿನಲ್ಲಿ ಎಳೆಸಿ, ಇಂಜಿನ್ನಿನೊಳಗೆ ಬಡಿಯುವ ನಾಕಿಂಗ್ ಸದ್ದು ಕೇಳಿಸದಿದ್ದರೆ ಅಲ್ಲೇ ಬಿಡಿ. ಸೀಸದ ಬಗ್ಗೆಯೂ ಭಯ ಇದೆ. ಸೀಸ ಬೆರೆತ ಪೆಟ್ರೋಲ್ ಕಾರುಗಳಿಗೆ ಮಾರುವುದು 2021ರಲ್ಲಿ ಆಲ್ಜೀರಿಯಾದಲ್ಲೂ ನಿಂತ ಮೇಲೆ ಜಗತ್ತಿನಲ್ಲೇ ಮುಗಿಯಿತು. ಎಕ್ಸಾಸ್ಟ್ ವಾಲ್ವ್ ಸೀಟಿಗೆ ಸೀಸ ಮೆತ್ತೆಯ ಕೆಲಸ ಮಾಡುತ್ತಿತ್ತು, ನಿಜ. ಆದರೆ ಸೀಟು ಸವೆಯುವುದು ದಿನವಿಡೀ ಭಾರ ಹೊತ್ತು ವೇಗವಾಗಿ ಓಡಿಸಿದಾಗ. ವಾರಾಂತ್ಯಕ್ಕೆ ಹದವಾಗಿ ಓಡುವ ಪಿಕಪ್‌ಗೆ ಆ ಚಿಂತೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹೊಂದಾಣಿಕೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅನ್ನುವುದಕ್ಕೆ ಫೋರ್ಡ್‌ನಲ್ಲಿ ಇನ್ನೂ ಒಳ್ಳೆಯ ಉದಾಹರಣೆ ಇದೆ. ಷೆವರ್ಲೆ ಡಿಸ್ಟ್ರಿಬ್ಯೂಟರಿನಲ್ಲಿ ವೇಗ ಏರಿದಂತೆ ಕಿಡಿಯನ್ನು ಮುಂದೆ ತರಲು ತೂಕದ ಬಟ್ಟುಗಳೂ ಸ್ಪ್ರಿಂಗೂ ಇವೆ. 1940ರ ದಶಕದ ಕೊನೆಯಿಂದ ಫೋರ್ಡ್ ಬಳಸಿದ ಲೋಡ್-ಓ-ಮ್ಯಾಟಿಕ್ ಡಿಸ್ಟ್ರಿಬ್ಯೂಟರಿನಲ್ಲಿ ಬಟ್ಟುಗಳೇ ಇಲ್ಲ. ಪೂರ್ತಿ ಕೆಲಸ ವ್ಯಾಕ್ಯೂಮಿನದು, ಆ ವ್ಯಾಕ್ಯೂಮ್ ಬರುವುದು ಅದಕ್ಕೆಂದೇ ರಂಧ್ರ ಕೊರೆದ ಕಾರ್ಬುರೇಟರಿನಿಂದ. ಯಾರೋ ಹಳೆಯ ಕಾರ್ಬುರೇಟರ್ ತೆಗೆದು ಹೊಸ ಮಾದರಿಯದು ಹಾಕುತ್ತಾರೆ. ಐಡ್ಲಿಂಗ್ ನಯವಾಗಿರುತ್ತದೆ, ಎಲ್ಲರಿಗೂ ಖುಷಿ. ರಸ್ತೆಗಿಳಿದರೆ ಗಾಡಿಗೆ ಜೀವವೇ ಇಲ್ಲ, ಯಾಕೆಂದರೆ ಕಿಡಿ ಮುಂದೆ ಬರಲೇ ಇಲ್ಲ. ಕಾರ್ಬುರೇಟರ್ ಬದಲಿಸಿದವರು ಕೆಡಿಸಿದ್ದು ಇಗ್ನಿಷನ್ನನ್ನು.

ಆರು ವೋಲ್ಟ್ ಬಗ್ಗೆ ಒಂದು ಮಾತು. ಷೆವರ್ಲೆ ಟ್ರಕ್ಕುಗಳು 1955ರ ನಡುವಿನಲ್ಲಿ, ಫೋರ್ಡ್ 1956ರ ಮಾದರಿಯಿಂದ 12 ವೋಲ್ಟಿಗೆ ಬಂದವು. ಅದಕ್ಕೂ ಮುಂಚಿನ ಫೋರ್ಡ್‌ಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯೇ ಅರ್ಥಿಂಗ್, ಷೆವರ್ಲೆಯಲ್ಲಿ ಮೈನಸ್. ತಿಳಿಯದೆ ಉಲ್ಟಾ ಹಾಕುವವರಿದ್ದಾರೆ. 'ಆರು ವೋಲ್ಟ್ ಸ್ಟಾರ್ಟರ್ ಸೋಮಾರಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಕೆಲಸಕ್ಕೆ ಆರು ವೋಲ್ಟಿನಲ್ಲಿ ಎರಡರಷ್ಟು ಕರೆಂಟು ಬೇಕು, ತಂತಿಯಲ್ಲಿ ಕಳೆದುಹೋಗುವ ವೋಲ್ಟೂ ಎರಡರಷ್ಟು. ಹೊಸ ಗಾಡಿಗೆ ಹಾಕುವ ತೆಳ್ಳನೆಯ ಬ್ಯಾಟರಿ ಕೇಬಲ್ ಇದಕ್ಕೆ ಹಾಕಿದರೆ ಸ್ಟಾರ್ಟರ್ ಹೇಗೆ ತಿರುಗೀತು? ದಪ್ಪ ಕೇಬಲ್ ಹಾಕಿ, ಇಂಜಿನ್ನಿನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿಯ ಎರಡೂ ತುದಿಗಳಲ್ಲಿ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್ಲಿಗೂ ಇಂಜಿನ್ ಬ್ಲಾಕಿಗೂ ನಡುವೆ ಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟ್ ಕಾಣಿಸಿದರೆ ಹನ್ನೆರಡನೇ ಒಂದು ಪಾಲು ಅಲ್ಲೇ ಸೋರಿಹೋಯಿತು.

ಕೊನೆಗೂ ಕಾರ್ಬುರೇಟರ್. ಇಷ್ಟು ಹೊತ್ತಿಗೆ ಬಹಳ ಗಾಡಿಗಳಿಗೆ ಇದನ್ನು ಮುಟ್ಟುವ ಅಗತ್ಯವೇ ಉಳಿದಿರುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದಿರಲಿ. ಬುಡದ ಬೋಲ್ಟುಗಳ ಬಿಗಿ ನೋಡಿ, ಗ್ಯಾಸ್ಕೆಟ್ ಸೋರುತ್ತಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ. ವ್ಯಾಕ್ಯೂಮ್ ಗೇಜು ಹಾಕಿ, ಐಡ್ಲಿಂಗ್ ಮಿಕ್ಸ್‌ಚರ್ ಸ್ಕ್ರೂವನ್ನು ಮುಳ್ಳು ಅತಿ ಮೇಲೆ ಹೋಗುವವರೆಗೆ ತಿರುಗಿಸಿ, ಆಮೇಲೆ ವೇಗದ ಸ್ಕ್ರೂ ಇಳಿಸಿ, ಮತ್ತೆ ಮಿಕ್ಸ್‌ಚರ್ ನೋಡಿ. ಎರಡು ಸಲಕ್ಕೆ ಸಾಕು. ಸ್ಕ್ರೂವನ್ನು ಒಳಕ್ಕೆ ಬಿಗಿ ಮಾಡುವಾಗ ಒತ್ತಬೇಡಿ, ಸೂಜಿಯ ತುದಿಯಲ್ಲಿ ಉಂಗುರದ ಗುರುತು ಬಿದ್ದರೆ ಮತ್ತೆಂದೂ ಹದ ಸಿಗುವುದಿಲ್ಲ. ಈ ಸ್ಕ್ರೂ ಐಡ್ಲಿಂಗ್‌ಗೆ ಮಾತ್ರ. ರಸ್ತೆಯ ಮೇಲಿನ ಎಳೆತವನ್ನು ನಿರ್ಧರಿಸುವುದು ಮುಖ್ಯ ಜೆಟ್ ಮತ್ತು ಫ್ಲೋಟಿನ ಎತ್ತರ.

ಎಥನಾಲ್ ಇಲ್ಲಿ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು. ಶೇಕಡಾ 10 ಎಥನಾಲ್ ಬೆರೆತರೆ ಸುಮಾರು 14.1 ಸಾಕು. ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ, ಅಷ್ಟೇ ಪೆಟ್ರೋಲ್ ಬಿಡುತ್ತದೆ, ಹಾಗಾಗಿ ಮಿಶ್ರಣ ಶೇಕಡಾ ನಾಲ್ಕರಷ್ಟು ತೆಳುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗಿನ ಮುಗ್ಗರಿಕೆಗೆ ಕೆಲವೊಮ್ಮೆ ಇದೇ ಕಾರಣ, ಒಂದು ಸೈಜು ದೊಡ್ಡ ಜೆಟ್ ಹಾಕಿದರೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ಹಳೆಯ ರಬ್ಬರ್ ಪೈಪೂ ಪೆಟ್ರೋಲ್ ಪಂಪಿನ ಡಯಾಫ್ರಾಮೂ ಎಥನಾಲಿಗೆ ತಡೆಯುವುದಿಲ್ಲ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವ ಅಭ್ಯಾಸ ಇರಲಿ.

ಇಂಜಿನ್ ಸಾಕು, ರಸ್ತೆಗೆ ಇಳಿಯೋಣ. ಆದರೆ ಬ್ರೇಕ್ ನೋಡದೆ ಇಳಿಯಬೇಡಿ. ಈ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್, ನಾಲ್ಕಕ್ಕೂ ಸೇರಿ ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಒಂದು ಹೋಸ್ ಒಡೆದರೆ ನಾಲ್ಕೂ ಹೋದಂತೆಯೇ. ಹೊರಗೆ ಚೆನ್ನಾಗಿ ಕಾಣುವ ರಬ್ಬರ್ ಹೋಸ್ ಒಳಗೆ ಊದಿಕೊಂಡು ಬ್ರೇಕನ್ನು ಬಿಡದೆ ಹಿಡಿದಿರುವುದೂ ಉಂಟು. ವಯಸ್ಸು ಗೊತ್ತಿಲ್ಲದ ಹೋಸ್‌ಗಳನ್ನು ನೋಡದೆಯೇ ಬದಲಿಸಿ. ಹ್ಯಾಂಡ್‌ಬ್ರೇಕ್ ಕೆಲಸ ಮಾಡಲೇಬೇಕು, ಅದೊಂದೇ ನಿಮ್ಮ ಎರಡನೇ ಬ್ರೇಕ್. ಕಿಂಗ್ ಪಿನ್ ಮತ್ತು ಸ್ಪ್ರಿಂಗ್ ಶ್ಯಾಕಲ್‌ಗಳ ನಿಪ್ಪಲ್‌ಗಳಿಗೆ ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಇಣುಕುವವರೆಗೆ ಗ್ರೀಸ್ ಗನ್ ಒತ್ತಿ.

ಷೆವರ್ಲೆಯನ್ನು ಸ್ಟಾರ್ಟ್ ಮಾಡುವುದು ಕಾಲಿನಲ್ಲಿ. ಗೇರ್ ನ್ಯೂಟ್ರಲ್, ಚೋಕ್ ಎಳೆದು, ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟು, ಸ್ಟಾರ್ಟರ್ ಪೆಡಲ್ ಮೆಟ್ಟಬೇಕು. ಪೆಡಲ್ ಮೊದಲು ಸ್ಟಾರ್ಟರ್ ಗೇರನ್ನು ಫ್ಲೈವೀಲಿಗೆ ತಳ್ಳಿ, ಕೊನೆಯಲ್ಲಿ ಸ್ವಿಚ್ ಮುಚ್ಚುತ್ತದೆ. ಅಳುಕುತ್ತಾ ಅರ್ಧ ಮೆಟ್ಟಿದರೆ ಹಲ್ಲು ಕರಕರ ಅನ್ನುತ್ತದೆ. ಪೂರ್ತಿ ಮೆಟ್ಟಿ, ಹಿಡಿದ ಕೂಡಲೇ ಬಿಡಿ. ಕಣ್ಣು ಆಯಿಲ್ ಗೇಜಿನ ಮೇಲಿರಲಿ.

216 ಇಂಜಿನ್ನಿನ ಆಯಿಲ್ ಗೇಜು ಹೊಸಬರನ್ನು ಗಾಬರಿಗೊಳಿಸುತ್ತದೆ. ಬಿಸಿಯಾದ ಮೇಲೆ 14 ಪೌಂಡಿನ ಆಸುಪಾಸು ತೋರಿಸುತ್ತದೆ, ಅದು ಸರಿಯಾದದ್ದೇ. ಅದರಲ್ಲಿ ಒತ್ತಡದ ಆಯಿಲ್ ಕ್ರ್ಯಾಂಕಿನ ಮುಖ್ಯ ಬೇರಿಂಗ್‌ಗಳಿಗೆ ಹೋಗುತ್ತದೆ, ಕನೆಕ್ಟಿಂಗ್ ರಾಡ್‌ಗಳಿಗೆ ಹೋಗುವುದಿಲ್ಲ. ಪ್ರತಿ ರಾಡಿನ ಬುಡದಲ್ಲಿ ಸೌಟಿನ ಥರದ ತುದಿ ಇದೆ, ಸುತ್ತುವಾಗ ಅದು ಕೆಳಗಿನ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳುತ್ತದೆ. ವೇಗ ಏರಿದಾಗ ಸಣ್ಣ ನಳಿಕೆಗಳು ಆಯಿಲ್ಲನ್ನು ಆ ಸೌಟಿಗೇ ಗುರಿಯಿಟ್ಟು ಚಿಮ್ಮಿಸುತ್ತವೆ. ಬೇರಿಂಗ್‌ಗಳು ರಾಡಿನಲ್ಲೇ ಎರಕ ಹೊಯ್ದ ಬ್ಯಾಬಿಟ್ ಲೋಹದವು. ಹದವಾಗಿ ಓಡಿಸಿದರೆ ಲಕ್ಷಾಂತರ ಕಿಲೋಮೀಟರ್ ಓಡುವ ಏರ್ಪಾಡು ಇದು, ಆದರೆ ಗಂಟೆಗಟ್ಟಲೆ ಉಗ್ರವಾಗಿ ತಿರುಗಿಸಲು ಮಾಡಿದ್ದಲ್ಲ.

3100ರ ಹಿಂದಿನ ಆಕ್ಸಲ್ ಅನುಪಾತ 4.11. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಇಂಜಿನ್ ಸುಮಾರು 2400 ಸುತ್ತು ತಿರುಗುತ್ತಿರುತ್ತದೆ, 95ಕ್ಕೆ ಹೋದರೆ 2850ರ ಆಸುಪಾಸಿಗೆ ಏರುತ್ತದೆ. ಅದರ ಪೂರ್ತಿ 90 ಅಶ್ವಶಕ್ತಿ ಸಿಗುವುದೇ 3300ಕ್ಕೆ. ಲೆಕ್ಕ ನೀವೇ ಹಾಕಿ. ಹೈವೇಯಲ್ಲಿ ಉಳಿದವರ ಜೊತೆ ಓಡಬೇಕೆಂಬ ಹಠ ಇದ್ದರೆ 1954ರ ನಂತರದ, ರಾಡ್‌ಗಳಿಗೂ ಒತ್ತಡದ ಆಯಿಲ್ ಹೋಗುವ 235 ಹುಡುಕಿ. 216 ಇಟ್ಟುಕೊಂಡು 75ರ ಮೇಲೆ ಹೋಗಬೇಡಿ, ಎಡಕ್ಕೋ ಬಲಕ್ಕೋ ನಿಮ್ಮ ದೇಶದ ನಿಧಾನದ ಸಾಲು ಯಾವುದೋ ಅದನ್ನು ಹಿಡಿಯಿರಿ.

ಗೇರಿನ ಮಾತು. ಫಸ್ಟ್ ಗೇರಿಗೆ, ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇಲ್ಲ. ನಾಲ್ಕು ಗೇರಿನ ಬಾಕ್ಸ್ ಇದ್ದರೆ ಅದರ ಫಸ್ಟ್ 7.05 ಅನುಪಾತದ್ದು, ಭಾರ ಹೊತ್ತು ದಿಬ್ಬ ಹತ್ತಲು ಮಾಡಿದ್ದು. ಖಾಲಿ ಗಾಡಿಯನ್ನು ಸೆಕೆಂಡಿನಲ್ಲೇ ಎತ್ತಿ. ಓಡುತ್ತಿರುವಾಗ ಸಿಂಕ್ರೋ ಇಲ್ಲದ ಗೇರಿಗೆ ಇಳಿಸಬೇಕಾದರೆ ಡಬಲ್ ಕ್ಲಚ್ ಬೇಕೇ ಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಸಲ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಮಾತ್ರ ಇಂಜಿನ್ ಗೇರ್‌ಬಾಕ್ಸಿನ ಒಳಗಿನ ಶಾಫ್ಟನ್ನು ವೇಗವಾಗಿ ತಿರುಗಿಸಬಲ್ಲದು, ಹಲ್ಲುಗಳ ವೇಗ ಸರಿಹೊಂದುವುದು ಆಗಲೇ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡುವವರು ಬರೀ ಸದ್ದು ಮಾಡುತ್ತಾರೆ.

ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯಿರಿ. ಡ್ರಮ್ ಕಾದರೆ ಅಗಲವಾಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ, ಹಿಡಿತ ಸಿಗುವುದಿಲ್ಲ. ನೀರು ದಾಟಿದ ಮೇಲೆ ಪೆಡಲ್ ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಒಣಗಿಸಿ. ಹಿಂದಿನ ಡೆಕ್ ಖಾಲಿ ಇದ್ದಾಗ ಹಿಂಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಸ್ಟಿಯರಿಂಗಿಗೆ ಪವರ್ ಇಲ್ಲ, ಗಾಡಿ ನಿಂತಿರುವಾಗ ತಿರುಗಿಸಲು ಹೋಗದೆ ಒಂದಿಷ್ಟು ಉರುಳಿಸಿ ತಿರುಗಿಸಿ.

ಬಿಸಿಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಬಂದರೆ ಸ್ಟಾರ್ಟ್ ಆಗದಿರುವುದು ವೇಪರ್ ಲಾಕ್, ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುತ್ತದೆ. ಪೆಟ್ರೋಲ್ ಪೈಪಿಗೆ ಬಟ್ಟೆಯ ಕ್ಲಿಪ್ ಸಾಲಾಗಿ ಕಚ್ಚಿಸುವುದನ್ನು ನೋಡಿರುತ್ತೀರಿ. ನೋಡಲು ಚೆನ್ನ, ಉಪಯೋಗವಿದೆ ಅಂತ ನನಗೆ ಅನ್ನಿಸಿಲ್ಲ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಪೈಪನ್ನು ದೂರ ಸರಿಸಿದರೆ ಶಾಶ್ವತ ಪರಿಹಾರ.

ಪ್ರಶ್ನೆಗಳಿಗೆ ಬರೋಣ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಬಹುದೇ ಅಂತ ಚೀಟಿಯಲ್ಲಿ ಕೇಳಿದ್ದೀರಿ. ಹಾಕಬಹುದು. ಆರು ವೋಲ್ಟಿನದು, ನಿಮ್ಮ ಅರ್ಥಿಂಗಿಗೆ ಹೊಂದುವುದು ಅಂತ ಖಚಿತ ಮಾಡಿಕೊಂಡು ಹಾಕಿ, ಸವೆತದ ಕಾಟ ತಪ್ಪುತ್ತದೆ. ಆದರೆ ಪಾಯಿಂಟ್ ಸಾಯುವ ಮೊದಲು ಮಿಸ್ಸಿಂಗ್ ಹೊಡೆದು ಹೇಳುತ್ತದೆ, ಎಲೆಕ್ಟ್ರಾನಿಕ್ ಘಟಕ ಹೇಳದೆ ಸಾಯುತ್ತದೆ. ಹಳೆಯ ಪಾಯಿಂಟ್ ಸೆಟ್ಟು, ಕಂಡೆನ್ಸರ್ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಂಡಿರಿ.

ಇನ್ನೊಂದು ಚೀಟಿ: ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಬೇಕಾದರೆ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಒಳ್ಳೆಯದೇ? ಕೆಟ್ಟದ್ದು. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ, ಅದರ ಒಂದು ಪಾಲು ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿ ಆಯಿಲ್ ಪೂರ್ತಿ ಕಾದರೆ ಮಾತ್ರ ಅದು ಆವಿಯಾಗಿ ಹೋಗುತ್ತದೆ. ಹತ್ತು ನಿಮಿಷದ ಐಡ್ಲಿಂಗ್‌ನಲ್ಲಿ ನೀರು ಒಳಗೇ ಉಳಿಯುತ್ತದೆ, ಎಕ್ಸಾಸ್ಟ್ ಪೈಪೂ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ಕಾಲದ ಡೈನಮೋ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡದ ಕಾರಣ ಬ್ಯಾಟರಿಯೂ ಇಳಿಯುತ್ತದೆ. ಓಡಿಸಲು ಆಗುವುದಿಲ್ಲ ಅಂದರೆ ಸ್ಟಾರ್ಟೇ ಮಾಡಬೇಡಿ. ಆಯಿಲ್ ಬದಲಿಸಿ, ಟ್ಯಾಂಕ್ ತುಂಬಿಸಿ, ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ ಒಳಗಿಡಿ. ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳದಂತೆ ಪೆಡಲ್ಲನ್ನು ಅರ್ಧ ಒತ್ತಿದ ಸ್ಥಿತಿಯಲ್ಲಿ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿ, ಆ ತುಂಡಿಗೊಂದು ಚೀಟಿ ಕಟ್ಟಿ ಸ್ಟಿಯರಿಂಗಿಗೆ ತೂಗುಹಾಕಿ.